ಕಿರ್ರಕ್ಕನ ಏಳು ನೀರು

ಬೆಳಗಿನ ಐದೂಮುಕ್ಕಾಲು. ಪ್ರಯೋಗಾಲಯದ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಕಲ್ಲಿನ ತೊಟ್ಟಿಯ ಮುಂದೆ ರಬ್ಬರ್ ಏಪ್ರನ್ ಕಟ್ಟಿಕೊಂಡು ನಿಂತಿರುವ ಮಹಿಳೆ ಒಂದು ಗಾಜಿನ ಬಾಟಲಿಯನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿಯುತ್ತಾರೆ. ಒಳಗಿನ ನೀರು ಗಾಜಿನ ಮೇಲೆ ಎಲ್ಲಿಯೂ ಹನಿಯೊಡೆಯದೆ ಒಂದೇ ಪೊರೆಯಾಗಿ ಕೆಳಗಿಳಿಯುತ್ತದೆ. ಅಷ್ಟಕ್ಕೇ ಅವರಿಗೆ ಸಮಾಧಾನವಿಲ್ಲ. ಒದ್ದೆ ಹೆಬ್ಬೆರಳನ್ನು ಬಾಟಲಿಯ ಕುತ್ತಿಗೆಗೆ ಒತ್ತಿ ಎಳೆಯುತ್ತಾರೆ. ಗಾಜು 'ಕಿರ್ರ್' ಎನ್ನುತ್ತದೆ. ಆಮೇಲಷ್ಟೇ ಬಾಟಲಿ ಮರದ ಗೂಟಕ್ಕೆ ತಲೆಕೆಳಗಾಗಿ ಏರುತ್ತದೆ. ಇನ್ನು ಇನ್ನೂರ ಹತ್ತೊಂಬತ್ತು ಬಾಟಲಿಗಳು ಬಾಕಿ.

ಈ ಸಂಸ್ಥೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಕಿರ್ರಕ್ಕ ಎಂದೇ. ಹೊಸದಾಗಿ ಸೇರಿದ ಸಂಶೋಧಕರು ಮೊದಮೊದಲು ಮುಸಿಮುಸಿ ನಗುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ತಾವೂ ಕದ್ದುಮುಚ್ಚಿ ಬಾಟಲಿಯ ಕುತ್ತಿಗೆಗೆ ಬೆರಳು ತಿಕ್ಕಿ ನೋಡುವ ಚಾಳಿ ಅಂಟಿಸಿಕೊಂಡಿರುತ್ತಾರೆ. "ಅವರ ಕೈಗೆ ಆ ಸದ್ದು ಬರಲ್ಲ, ಪಾಪ. ಲ್ಯಾಬಿನವರ ಬೆರಳಿಗೆ ಕ್ರೀಮು ಹಚ್ಚಿಕೊಳ್ಳೋ ಅಭ್ಯಾಸ. ಮೊದಲು ಬೆರಳು ತೊಳೀಬೇಕು, ಆಮೇಲೆ ಬಾಟಲಿ," ಎನ್ನುತ್ತಾರೆ ಕಿರ್ರಕ್ಕ.

ಇಪ್ಪತ್ತಮೂರು ವರ್ಷಗಳಿಂದ ಅವರ ಕೆಲಸ ಇದೇ. ದಿನಕ್ಕೆ ಇನ್ನೂರ ಇಪ್ಪತ್ತು ಬಾಟಲಿ, ಎಂಬತ್ತು ಬೀಕರು, ಲೆಕ್ಕವಿಲ್ಲದಷ್ಟು ಗಾಜಿನ ಕೊಳವೆ, ಒಂದು ಡಬ್ಬಿ ತುಂಬ ಕಡಲೆಕಾಳಿನಷ್ಟೇ ಇರುವ ಉಕ್ಕಿನ ಗುಂಡುಗಳು. ಸೋಪಿನ ನೀರಿನಲ್ಲಿ ಉಜ್ಜಿದ ಮೇಲೆ ಪ್ರತಿಯೊಂದಕ್ಕೂ ಏಳು ನೀರು: ನಾಲ್ಕು ಸಲ ನಲ್ಲಿಯದು, ಮೂರು ಸಲ ಬಟ್ಟಿ ಇಳಿಸಿದ್ದು. ಆರಲ್ಲ, ಎಂಟಲ್ಲ. ಕೆಲಸ ಕಲಿಸಿದ ಹಿರಿಯ ಅಟೆಂಡರು ಏಳು ಎಂದಿದ್ದರು, ಇವರು ಏಳನ್ನೇ ಹಿಡಿದುಕೊಂಡರು. ಗೋಣುನೋವು ಬಂದಾಗಲೂ ಏಳು, ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದ ವರ್ಷವೂ ಏಳು. ಎಡಗೈ ಮೇಲೆ ಆಮ್ಲ ಸಿಡಿದು ಆದ ಕಲೆಯೊಂದಿದೆ. ಚಳಿಗಾಲದಲ್ಲಿ ಬೆರಳ ಸಂದುಗಳು ಬಿರುಕು ಬಿಟ್ಟು ರಕ್ತ ಜಿನುಗುತ್ತದೆ. ಕೈಗವಸು ಹಾಕಿಕೊಳ್ಳಬಾರದೆ ಎಂದರೆ, "ಉಜ್ಜುವಾಗ ಹಾಕ್ಕೋತೀನಿ. ಕೊನೇ ನೀರಿಗೆ ಬರಿಗೈಯೇ ಬೇಕು. ಕವಸಿಗೇನು ಗೊತ್ತಾಗತ್ತೆ?" ಎನ್ನುತ್ತಾರೆ.

ಸಂಸ್ಥೆಯ ಕಾರಿಡಾರಿನ ಗೋಡೆಯ ತುಂಬ ಚೌಕಟ್ಟು ಹಾಕಿದ ಪ್ರಬಂಧಗಳಿವೆ. ಒಂದೊಂದಕ್ಕೂ ಆರೇಳು ಜನರ ಹೆಸರು. ಯಂತ್ರ ತಯಾರಿಸಿದ ಕಂಪನಿಗೂ ಅಲ್ಲಿ ಜಾಗವಿದೆ, ಪುಡಿ ಮಾರಿದ ಅಂಗಡಿಗೂ ಇದೆ. ಪಾತ್ರೆ ತೊಳೆದವರಿಗೆ ಇಲ್ಲ. ಗೋಡೆಯ ಮೇಲೆ ಹೆಸರಿಲ್ಲವೆಂದು ಕಿರ್ರಕ್ಕ ತಲೆ ಕೆಡಿಸಿಕೊಂಡವರೇ ಅಲ್ಲ. ಅವರಿಗೆ ಹೆಮ್ಮೆಯಿದ್ದದ್ದು ಬೇರೊಂದು ಕಾಗದದ ಬಗ್ಗೆ. ಇಪ್ಪತ್ತೆರಡು ವರ್ಷಗಳ ತಮ್ಮ ಸೇವಾ ಕಡತದಲ್ಲಿ ಒಂದೇ ಒಂದು ಮೆಮೊ ಇಲ್ಲ ಎಂಬುದನ್ನು ಅವರು ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಹೋದ ವರ್ಷ ಆ ಹೆಮ್ಮೆಗೆ ಕುತ್ತು ಬಂತು.

ಲ್ಯಾಬಿನಲ್ಲಿ ಆಗ ಒಂದು ಪಾಲಿಮರ್‌ನ ಹಿಂದೆ ಎಲ್ಲರೂ ಬಿದ್ದಿದ್ದರು. ಕೇಳಿದ್ದು ಅಗ್ನಿಶಾಮಕ ದಳದವರು. ಬರಿ ನೀರು ಉರಿಯುವ ಗೋಡೆಗೆ ತಾಗಿ ಜಾರಿ ಚರಂಡಿ ಸೇರುತ್ತದೆ. ಹಾಗಾಗದೆ, ಪೈಪಿನಲ್ಲಿ ನೀರಿನಂತೆ ಸಲೀಸಾಗಿ ಓಡಿ, ಗೋಡೆಗೆ ಬಿದ್ದ ಕೂಡಲೇ ಲೋಳೆಯಂತೆ ಅಂಟಿ ನಿಲ್ಲುವ ನೀರು ಅವರಿಗೆ ಬೇಕಿತ್ತು. ಪುಡಿ ಹೆಚ್ಚು ಹಾಕಿದರೆ ಯಾವ ನೀರಾದರೂ ಲೋಳೆಯಾಗುತ್ತದೆ, ಅದರಲ್ಲೇನೂ ಹೆಚ್ಚುಗಾರಿಕೆಯಿಲ್ಲ. ಆದರೆ ಗಾಡಿಯಲ್ಲಿ ಜಾಗವಿಲ್ಲ, ಒಂದು ಗಾಡಿಗೆ ಒಂದೇ ಚೀಲ ಎಂಬುದು ದಳದವರ ಷರತ್ತು.

ಈ ಪಾಲಿಮರ್‌ನ ಸ್ವಭಾವವನ್ನು ಕಿರ್ರಕ್ಕನಿಗೆ ಮೊದಲು ಬಿಡಿಸಿ ಹೇಳಿದ್ದು ಅದರ ಮೇಲೆ ಕೆಲಸ ಮಾಡುತ್ತಿದ್ದ ಸಂಶೋಧಕ. ದಪ್ಪ ಕನ್ನಡಕದ ಈ ಹುಡುಗನಿಗೆ ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತು ಹರಟುವುದೆಂದರೆ ಇಷ್ಟ. ಪಾಲಿಮರ್ ಎಂದರೆ ಕಣ್ಣಿಗೆ ಕಾಣದ ಉದ್ದನೆಯ ದಾರ. ಆ ದಾರಕ್ಕೆ ನೀರೆಂದರೆ ಪ್ರೀತಿ, ಅದಕ್ಕೇ ಕರಗುತ್ತದೆ. ಇವರು ಅದರ ಮೈಗೆ ಅಲ್ಲೊಂದು ಇಲ್ಲೊಂದು ಎಣ್ಣೆಯ ಗುಣದ ಪುಟ್ಟ ಬಾಲ ಅಂಟಿಸುತ್ತಾರೆ. ಬಾಲಗಳಿಗೆ ನೀರೆಂದರೆ ಆಗದು. ತಪ್ಪಿಸಿಕೊಳ್ಳಲು ಒಂದರ ಮೈಗೊಂದು ಒತ್ತಿಕೊಳ್ಳುತ್ತವೆ. ನೀರಿನಲ್ಲಿ ದಾರಗಳು ಕಿಕ್ಕಿರಿದಿದ್ದರೆ ಈ ದಾರದ ಬಾಲ ಆ ದಾರದ ಬಾಲವನ್ನು ಹಿಡಿದುಕೊಂಡು ಇಡೀ ನೀರು ಒಂದು ಬಲೆಯಾಗುತ್ತದೆ. ಪಂಪು ಜೋರಾಗಿ ನೂಕಿದರೆ ಹಿಡಿತ ಬಿಟ್ಟು ಹರಿಯುತ್ತದೆ, ನಿಂತರೆ ಮತ್ತೆ ಹಿಡಿಯುತ್ತದೆ. ಬೇಕಾಗಿದ್ದದ್ದು ಅದೇ. ಆದರೆ ಒಂದು ಗಾಡಿಗೆ ಒಂದೇ ಚೀಲವೆಂದಾಗ ದಾರಗಳು ದೂರದೂರ ಆಗಿಬಿಡುತ್ತವೆ. ಆಗ ಬಾಲಕ್ಕೆ ಸಿಗುವುದು ತನ್ನದೇ ದಾರದ ಇನ್ನೊಂದು ಬಾಲ ಮಾತ್ರ. ದಾರ ತನ್ನಷ್ಟಕ್ಕೆ ತಾನು ಮುದುಡಿ ಉಂಡೆಯಾಗುತ್ತದೆ. ನೀರು ತೆಳ್ಳಗೇ ಉಳಿಯುತ್ತದೆ, ಬಾಲವೇ ಇಲ್ಲದ ದಾರಕ್ಕಿಂತಲೂ ಒಂದು ಕೈ ಹೆಚ್ಚೇ ತೆಳ್ಳಗೆ.

ಹೀಗಾಗಿ ಹನ್ನೊಂದು ತರಹದ ಬಾಲಗಳು ಒಂದರ ಹಿಂದೊಂದು ಮಣ್ಣು ಮುಕ್ಕಿದವು. ಗಿಡ್ಡ ಬಾಲ, ಉದ್ದ ಬಾಲ, ಒತ್ತೊತ್ತಾಗಿ ಇಟ್ಟದ್ದು, ವಿರಳವಾಗಿ ಇಟ್ಟದ್ದು ಯಾವುದೂ ಜಪ್ಪಯ್ಯ ಎನ್ನಲಿಲ್ಲ. ಪರೀಕ್ಷೆ ಮಾಡುತ್ತಿದ್ದ ವಿಧಾನ ಸರಳ. ಬಾಟಲಿಗೆ ನೀರು, ಪುಡಿ ಹಾಕಿ ತಿರುಗುವ ಉರುಳೆಗಳ ಮೇಲೆ ಒಂದು ದಿನ ಉರುಳಿಸುವುದು, ಆಮೇಲೆ ಅದೇ ಬಾಟಲಿಗೆ ಉಕ್ಕಿನ ಗುಂಡು ಬಿಟ್ಟು ತಳ ಮುಟ್ಟಲು ಎಷ್ಟು ಸೆಕೆಂಡು ಎಂದು ನೋಡುವುದು. ಎಲ್ಲ ಬಾಟಲಿಗಳಲ್ಲೂ ಒಂದೇ ಉತ್ತರ ಬರುತ್ತಿತ್ತು: ಒಂದು ಸೆಕೆಂಡು, ಮಹಾ ಎಂದರೆ ಎರಡು.

ಆ ಹೊತ್ತಿಗೆ ಕಿರ್ರಕ್ಕನ ಮಗಳಿಗೆ ಹೆರಿಗೆಯಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಹನ್ನೊಂದು ದಿನ ಒಟ್ಟಿಗೆ ರಜೆ ಹಾಕಿ ಅವರು ಮೊಮ್ಮಗಳನ್ನು ಎತ್ತಿಕೊಳ್ಳಲು ಹೋದರು. ಬದಲಿಗೆ ತೊಳೆಯುವ ಕೋಣೆಗೆ ಬಂದವರು ಅಂಗಳ ಗುಡಿಸುವ ಅಣ್ಣ. ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ, ಯಾವ ವಿಷಯಕ್ಕೂ ಅವಸರ ಮಾಡದ ಒಳ್ಳೆಯ ಮನುಷ್ಯ.

ಆ ಹನ್ನೊಂದು ದಿನಗಳಲ್ಲಿ ಲ್ಯಾಬಿನ ಅದೃಷ್ಟ ತೆರೆಯಿತು. ಹನ್ನೆರಡನೆಯ ಬಾಲದ ಬಾಟಲಿಗೆ ಗುಂಡು ಬಿಟ್ಟರೆ ಮೂವತ್ತೆಂಟು ಸೆಕೆಂಡು! ಇನ್ನೊಂದು ಬಾಟಲಿಯಲ್ಲಿ ನಲವತ್ತು. ಸಂಶೋಧಕ ಕುಣಿದಾಡಿಬಿಟ್ಟ. ಲ್ಯಾಬಿನ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎನ್ನುವವರು, ಅಂದೇ ಅಗ್ನಿಶಾಮಕ ದಳಕ್ಕೆ ಫೋನು ಮಾಡಿ ಬಹಿರಂಗ ಪರೀಕ್ಷೆಗೆ ದಿನಾಂಕ ಕೊಟ್ಟರು. ಹನ್ನೆರಡನೇ ಬಾಲವೇ ಬಾಲ ಎಂದು ಎಲ್ಲರೂ ಬೆನ್ನು ತಟ್ಟಿಕೊಂಡರು.

ಕಿರ್ರಕ್ಕ ರಜೆ ಮುಗಿಸಿ ಬಂದ ಮೂರನೆಯ ದಿನಕ್ಕೆ ಗುಂಡು ಮತ್ತೆ ಎರಡು ಸೆಕೆಂಡಿಗೆ ತಳ ಸೇರಿತು. ಅದೇ ಪುಡಿ, ಅದೇ ನೀರು, ಅದೇ ಹನ್ನೆರಡನೇ ಬಾಲ. ಹತ್ತು ಸಲ ಮಾಡಿದರು, ಹತ್ತು ಸಲವೂ ಎರಡೇ ಸೆಕೆಂಡು. ಪರೀಕ್ಷೆಗೆ ಇನ್ನು ಹದಿನೆಂಟು ದಿನ. ಏನು ಬದಲಾಗಿದೆ ಎಂದು ಹುಡುಕಿದರೆ ಬದಲಾದದ್ದು ಒಂದೇ: ತೊಳೆಯುವ ಕೈ. ಆಕೆ ಇಲ್ಲದಾಗ ಸರಿಯಿತ್ತು, ಬಂದ ಮೇಲೆ ಕೆಟ್ಟಿತು. ಅಂದಮೇಲೆ ಆಕೆಯ ಬಾಟಲಿಗಳಲ್ಲಿ ಏನೋ ಕೊಳೆ ಉಳಿಯುತ್ತಿದೆ. ಇಷ್ಟು ಓದಿದವರ ತರ್ಕ ಅಲ್ಲಿಗೆ ಬಂದು ನಿಂತಿತು.

ಮೆಮೊ ಬಂತು. "ಗಾಜಿನ ಸಾಮಾನುಗಳನ್ನು ಸರಿಯಾಗಿ ತೊಳೆಯದ ಕಾರಣ ಪ್ರಯೋಗಕ್ಕೆ ಅಡ್ಡಿಯಾಗಿರುತ್ತದೆ. ಒಂದು ವಾರದೊಳಗೆ ಸುಧಾರಿಸದಿದ್ದಲ್ಲಿ ಹೊರಾಂಗಣ ವಿಭಾಗಕ್ಕೆ ವರ್ಗಾಯಿಸಲಾಗುವುದು." ಕಿರ್ರಕ್ಕ ಇದನ್ನು ಎರಡೆರಡು ಸಲ ಓದಿದರು. ಹೊರಾಂಗಣವೆಂದರೆ ಪೊರಕೆ. ಪೊರಕೆಗೆ ಅವರು ಹೆದರಲಿಲ್ಲ, ಇಲ್ಲಿಗೆ ಬಂದಾಗ ಮೊದಲು ಹಿಡಿದದ್ದೂ ಅದನ್ನೇ. 'ಸರಿಯಾಗಿ ತೊಳೆಯದ' ಎಂಬ ಎರಡು ಪದ ಎದೆಗೆ ನಾಟಿತು.

"ಮನೆಗೆ ಬಂದು ಊಟ ಮಾಡಲಿಲ್ಲ. ಇವರಿಗೆ ಹೇಳಿದೆ," ಎಂದು ನೆನೆಯುತ್ತಾರೆ. ಇವರು ಎಂದರೆ ಗಂಡ, ಸಿಟಿ ಬಸ್ಸಿನ ಡ್ರೈವರು. ಎಂಥ ಹೊತ್ತಿನಲ್ಲೂ ತಮಾಷೆ ಬಿಡದ ಆಸಾಮಿ. "ಇವರು ಏನಂದ್ರು ಗೊತ್ತಾ? 'ಇಪ್ಪತ್ತೆರಡು ವರ್ಷ ಮನೇಲಿರೋ ಲೋಟನೆಲ್ಲ ಕಿರ್ ಅನ್ನಿಸಿ ನನ್ನ ಪ್ರಾಣ ತಿಂದೆ. ಅವರಿಗೆ ಅದೂ ಸಾಲದಂತಾ?' ಅಂದ್ರು. ಅಳೋದಕ್ಕೆ ಕೂತವಳು ನಕ್ಕುಬಿಟ್ಟೆ. ನಕ್ಕ ಮೇಲೆ ತಲೆ ಓಡಿತು. ಹೌದಲ್ಲ, ನಾನು ತೊಳೆದಿದ್ದು ನಂಗೆ ಗೊತ್ತು. ಅಣ್ಣ ತೊಳೆದಿದ್ದು ಯಾರು ನೋಡಿದಾರೆ?"

ಬೇರೆಯವರು ತೊಳೆದದ್ದನ್ನು ಕಿರ್ರಕ್ಕ ನಂಬುವವರಲ್ಲ. ರಜೆಯಿಂದ ಬಂದ ದಿನವೇ ಅಣ್ಣ ತೊಳೆದಿಟ್ಟಿದ್ದ ಬಾಟಲಿಗಳನ್ನು ಮತ್ತೆ ತೊಳೆಯಲು ಶುರು ಮಾಡಿದ್ದರು. ಹದಿನಾಲ್ಕು ಮಾತ್ರ ಮೇಲಿನ ಹಲಗೆಯಲ್ಲಿ ಹಾಗೆಯೇ ಉಳಿದಿದ್ದವು. ಮರುದಿನ ಬೆಳಕು ಹರಿಯುವ ಮೊದಲೇ ಬಂದು ಅದರಲ್ಲೊಂದನ್ನು ಇಳಿಸಿ, ಒದ್ದೆ ಹೆಬ್ಬೆರಳನ್ನು ಒಳಗೆ ತೂರಿಸಿ ಎಳೆದರು. ಸದ್ದಿಲ್ಲ. ಬೆರಳು ಬೆಣ್ಣೆಯಂತೆ ಜಾರಿತು. ಎರಡು ಚಮಚ ಬಟ್ಟಿ ಇಳಿಸಿದ ನೀರು ಹಾಕಿ ಕುಲುಕಿದರೆ ಮೇಲೆ ಒಂದು ಬೆರಳು ನೊರೆ. ತಾವು ತೊಳೆದ ಬಾಟಲಿಗೂ ಅಷ್ಟೇ ನೀರು ಹಾಕಿ ಕುಲುಕಿದರು. ಕುಲುಕಿ ನಿಲ್ಲಿಸಿದರೆ ನೀರು ನೀರಾಗಿಯೇ ಇತ್ತು.

ನೇರವಾಗಿ ಅಂಗಳಕ್ಕೆ ಹೋಗಿ, "ಅಣ್ಣಾ, ನಿಜ ಹೇಳಿ. ಎಷ್ಟು ನೀರು ಹಾಕ್ತಿದ್ರಿ?" ಎಂದರು.

"ಒಂದು. ಅಲ್ಲಮ್ಮಾ, ಸೋಪು ಹಾಕಿದ್ಮೇಲೆ ಕ್ಲೀನಾಗೇ ಆಗತ್ತಲ್ಲ? ಇನ್ನು ಏಳು ಸಲ ಯಾಕೆ, ಬಾಟಲಿಗೇನು ಮೈಲಿಗೆಯಾ?" ಎಂದರಂತೆ ಅವರು. ಒಂದೇ ನೀರು ಹಾಕಿ, ತಳದಲ್ಲಿ ಉಳಿದ ಗುಟುಕು ಸೋಪುನೀರಿನ ಸಮೇತ ಒಣಗಿಸುವ ಪೆಟ್ಟಿಗೆಗೆ ತಳ್ಳುತ್ತಿದ್ದರಂತೆ.

ಎರಡು ಬಾಟಲಿಗಳನ್ನು ಕಂಕುಳಲ್ಲಿಟ್ಟುಕೊಂಡು ಕಿರ್ರಕ್ಕ ಸಂಶೋಧಕನ ಮೇಜಿನ ಮುಂದೆ ನಿಂತರು. ಆತ ಅರ್ಧ ಕೇಳಿ ತಲೆಯಾಡಿಸಿದ. "ಅಕ್ಕ, ಸೋಪು ಬಾಲಗಳನ್ನ ಬಿಡಿಸಿಬಿಡತ್ತೆ. ಬಲೆ ಹರಿದುಹೋಗತ್ತೆ. ಪುಸ್ತಕದಲ್ಲೇ ಇದೆ."

"ಇರಲಿ ಸರ್. ಪುಸ್ತಕ ಅಲ್ಲೇ ಇರತ್ತೆ. ಈ ಎರಡು ಬಾಟಲೀಲಿ ಒಂದೇ ಪುಡಿ ಹಾಕಿ ನೋಡಿ, ಆಮೇಲೆ ನನ್ನನ್ನ ಅಂಗಳಕ್ಕೆ ಕಳಿಸಿ."

ಮರುದಿನ ಗುಂಡು ಬಿಟ್ಟಾಗ ಕಿರ್ರಕ್ಕನ ಬಾಟಲಿಯಲ್ಲಿ ಎರಡು ಸೆಕೆಂಡು, ಅಣ್ಣನ ಬಾಟಲಿಯಲ್ಲಿ ಮೂವತ್ತೊಂಬತ್ತು. ಸಂಶೋಧಕ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡ. ತಿಂಗಳುಗಟ್ಟಲೆ ಅವರು ಹುಡುಕುತ್ತಿದ್ದ ಗಟ್ಟಿತನ ಬಾಲದ ಪ್ರತಾಪವೊಂದೇ ಆಗಿರಲಿಲ್ಲ. ಅದರಲ್ಲಿ ಕೊಳೆ ಬಾಟಲಿಯ ಪಾಲಿತ್ತು. ಕಿರ್ರಕ್ಕನ ತಪ್ಪೆಂದರೆ ಚೆನ್ನಾಗಿ ತೊಳೆದದ್ದು!

ಆತ ಆತುರದಲ್ಲಿ ಹೊಸ ಬಾಟಲಿಗೆ ಒಂದು ಚಮಚ ಸೋಪನ್ನೇ ಸುರಿದ. ಗುಂಡು ಒಂದೇ ಸೆಕೆಂಡಿಗೆ ತಳಕ್ಕೆ ಬಿತ್ತು. ಮುಖ ಸಣ್ಣಗೆ ಮಾಡಿಕೊಂಡು ಕುಳಿತ. ಕಿರ್ರಕ್ಕನಿಗೆ ನಗು ತಡೆಯಲಾಗಲಿಲ್ಲ. "ಚಮಚ ಯಾಕೆ ಸರ್? ಒಂದು ನೀರು ಹಾಕಿದ ಮೇಲೆ ಬಾಟಲೀಲಿ ಚಮಚ ಸೋಪು ಉಳಿಯತ್ತಾ? ಗುಟುಕು ಉಳಿಯತ್ತೆ, ಅದೂ ನೀರು ನೀರು. ಅಷ್ಟೇ ಹಾಕಿ."

ತೆಳುವಾದ ಸೋಪುನೀರು ಮಾಡಿ ಇಬ್ಬರೂ ಹನಿ ಎಣಿಸಲು ಕುಳಿತರು. ಮೂರು ಹನಿಗೆ ಗುಂಡು ನಾಲ್ಕು ಸೆಕೆಂಡು ತೆಗೆದುಕೊಂಡಿತು. ಎಂಟಕ್ಕೆ ಹತ್ತೊಂಬತ್ತು. ಹನ್ನೊಂದಕ್ಕೆ ನಲವತ್ತನಾಲ್ಕು! ಹದಿನೈದಕ್ಕೆ ಇಳಿಯತೊಡಗಿ, ಇಪ್ಪತ್ತಾರು ಹನಿಗೆ ಬರುವಷ್ಟರಲ್ಲಿ ಮತ್ತೆ ಎರಡು. ಏರಿದ ದಾರಿಯಲ್ಲೇ ಇಳಿದುಹೋಯಿತು.

ಯಾಕೆ ಹೀಗೆ ಎಂದು ಸಂಶೋಧಕ ಚಿತ್ರ ಬರೆದು ವಿವರಿಸಿದ. ಕಿರ್ರಕ್ಕ ಚಿತ್ರ ನೋಡಿ ತಮ್ಮದೇ ರೀತಿಯಲ್ಲಿ ಒಪ್ಪವಾಗಿ ತಿರುಗಿಸಿ ಹೇಳಿದರು. ಈಗ ಆತ ಸಭೆಗಳಲ್ಲಿ ಹೇಳುವುದೂ ಕಿರ್ರಕ್ಕನ ಈ ಮಾತನ್ನೇ. "ನೆನೆಯೋದು ಆಗದ ಜನ ಅಂದ್ಕೊಳ್ಳಿ ಬಾಲಗಳನ್ನ. ಒಂದೊಂದು ಮನೆಯವರು ಒಂದೊಂದು ಹಗ್ಗ ಹಿಡ್ಕೊಂಡು ಬೀದೀಲಿದಾರೆ. ಮಳೆ ಬರ್ತಿದೆ. ಸೋಪು ಅಂದ್ರೆ ಛತ್ರಿ. ಛತ್ರಿ ಇಲ್ಲದಿದ್ರೆ ಆ ಮನೆಯವರು ತಮ್ಮತಮ್ಮಲ್ಲೇ ಮುದುಡ್ಕೊಂಡು ನಿಲ್ತಾರೆ. ನಾಲ್ಕೇ ನಾಲ್ಕು ಛತ್ರಿ ಕೊಡಿ, ಈ ಮನೆಯವನು ಆ ಮನೆಯವಳು ಎಲ್ಲ ಒಂದೇ ಛತ್ರಿ ಕೆಳಗೆ ನುಗ್ತಾರೆ, ಹಗ್ಗಕ್ಕೆ ಹಗ್ಗ ಸಿಕ್ಕಿಕೊಂಡು ಬೀದಿಯೆಲ್ಲ ಜಾಮ್. ತಲೆಗೊಂದು ಛತ್ರಿ ಕೊಟ್ಬಿಡಿ, ಯಾರಿಗೆ ಯಾರೂ ಬೇಡ. ಅವರವರ ದಾರಿ ಅವರವರಿಗೆ."

ದೊಡ್ಡ ಮೇಡಂ ಎಲ್ಲವನ್ನೂ ಮೂರು ಸಲ ತಮ್ಮ ಕಣ್ಣೆದುರೇ ಮಾಡಿಸಿದರು. ಮೂರು ಸಲವೂ ತೊಳೆದದ್ದು ಕಿರ್ರಕ್ಕ, ಏಳು ನೀರು ಹಾಕಿ. ಬಾಟಲಿಗಳಲ್ಲಿ ಏನೂ ಉಳಿದಿಲ್ಲ ಎಂಬ ಭರವಸೆಯಿದ್ದರೆ ಮಾತ್ರ ಹನ್ನೊಂದು ಹನಿ ನಿಜವಾಗಿಯೂ ಹನ್ನೊಂದಾಗಿರುತ್ತದೆ ಎಂದು ಮೇಡಂಗೆ ಆ ಹೊತ್ತಿಗೆ ಅರ್ಥವಾಗಿತ್ತು. ವರ್ಗಾವಣೆಯ ಮಾತು ಅಲ್ಲಿಗೆ ನಿಂತಿತು. ಆದರೆ ಮೆಮೊ ಮಾತ್ರ ಕಡತದಲ್ಲಿ ಬೆಚ್ಚಗೆ ಮಲಗಿತ್ತು.

ಪರೀಕ್ಷೆಯ ದಿನ ಅಗ್ನಿಶಾಮಕ ಠಾಣೆಯ ಹಿಂದಿನ ಬಯಲಿಗೆ ಕಿರ್ರಕ್ಕನನ್ನೂ ವ್ಯಾನಿನಲ್ಲಿ ಕರೆದೊಯ್ದರು. ಲ್ಯಾಬಿನ ಸಾಮಾನು ಹೊರಗೆ ಹೋಗುವಾಗ ಜೊತೆಗೆ ಹೋಗುವ ಭಾಗ್ಯ ಅವರಿಗೆ ಅದೇ ಮೊದಲು. ಬಯಲಿನಲ್ಲಿ ಎರಡು ಮರದ ಗೋಡೆಗಳು. ಎರಡರ ಬುಡದಲ್ಲೂ ಒಂದೇ ಅಳತೆಯ ಸೌದೆ. ಒಂದಕ್ಕೆ ಬರಿ ನೀರು ಹೊಡೆದರು, ಇನ್ನೊಂದಕ್ಕೆ ಒಂದು ಚೀಲ ಪುಡಿ ಮತ್ತು ಲೆಕ್ಕ ಹಾಕಿದ ಸೋಪು ಕಲಸಿದ ನೀರು. ಪೈಪಿನ ಬಾಯಿಂದ ಅದು ನೀರಿನಂತೆಯೇ ಚಿಮ್ಮಿತು. ಇದೂ ಜಾರಿಹೋಗುತ್ತದೆ ಎಂದುಕೊಂಡರು ಕಿರ್ರಕ್ಕ. ಜಾರಲಿಲ್ಲ. ಹಲಗೆಗಳ ಮೇಲೆ ಹೊಳೆಯುತ್ತಾ, ದಪ್ಪ ಗಾಜು ಹಚ್ಚಿದ ಹಾಗೆ ನಿಂತಿತು.

ಬೆಂಕಿ ಕೊಟ್ಟರು. ಬರಿ ನೀರಿನ ಗೋಡೆ ನಾಲ್ಕನೇ ನಿಮಿಷಕ್ಕೆ ಹೊತ್ತಿಕೊಂಡು, ಹನ್ನೆರಡನೇ ನಿಮಿಷಕ್ಕೆ ಬೋರಲು ಬಿತ್ತು. ಇನ್ನೊಂದು ಗೋಡೆ ಹಬೆಯಾಡುತ್ತಾ ನಿಂತೇ ಇತ್ತು. ಬುಡದ ಸೌದೆಯೇ ಉರಿದು ಬೂದಿಯಾಯಿತು, ಗೋಡೆ ನಿಂತಿತ್ತು. ದಳದ ಮುಖ್ಯಸ್ಥರು ಹತ್ತಿರ ಹೋಗಿ ಹಲಗೆಯ ಮೇಲೆ ಬೆರಳಾಡಿಸಿ, ಅಂಟಿದ ಲೋಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು. ಬಯಲಿನಲ್ಲಿದ್ದ ಅರವತ್ತು ಜನ ಸಿಬ್ಬಂದಿ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಸಂಶೋಧಕ ಓಡಿಬಂದು ಕಿರ್ರಕ್ಕನ ಎರಡೂ ಕೈ ಹಿಡಿದುಕೊಂಡು, "ಅಕ್ಕ, ನಿಂತಿತು! ಅಕ್ಕ, ನಿಂತಿತು!" ಎಂದು ಕಿರುಚಿದ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಹೊಗೆ ಸರ್, ಹೊಗೆ," ಎಂದರು. ಹೊಗೆ ಇನ್ನೊಂದು ದಿಕ್ಕಿಗೆ ಹೋಗುತ್ತಿತ್ತು.

ಈಗ ಎರಡು ಠಾಣೆಗಳ ಗಾಡಿಗಳಲ್ಲಿ ಆ ಚೀಲವಿದೆ. ಅಂಗಳದ ಅಣ್ಣ ನಿವೃತ್ತಿಯ ಹೊಸ್ತಿಲಲ್ಲಿ ನಿಂತು, ಸಿಕ್ಕವರಿಗೆಲ್ಲ ತಮ್ಮಿಂದಲೇ ಇದೆಲ್ಲ ಆದದ್ದು ಎಂದು ಹೇಳಿಕೊಂಡು ತಿರುಗುತ್ತಾರೆ. ಕಿರ್ರಕ್ಕ ಅಲ್ಲಗಳೆಯುವುದಿಲ್ಲ. "ಪಾಪ, ನಿಜ ತಾನೇ? ಅವರಷ್ಟು ಸೋಮಾರಿಯಾಗೋಕೆ ನನ್ನ ಕೈಲಿ ಆಗ್ತಿರಲಿಲ್ಲ," ಎಂದು ಕಣ್ಣು ಮಿಟುಕಿಸುತ್ತಾರೆ.

ಪರೀಕ್ಷೆಯ ಮರುವಾರ ದೊಡ್ಡ ಮೇಡಂ ಕಿರ್ರಕ್ಕನನ್ನು ಕೋಣೆಗೆ ಕರೆಸಿ, ಎದ್ದು ನಿಂತು ಕ್ಷಮೆ ಕೇಳಿದರು. ಕಡತದಿಂದ ಮೆಮೊ ತೆಗೆದು ಹರಿಯಹೊರಟರು. ಕಿರ್ರಕ್ಕ ತಡೆದರು. "ಹರೀಬೇಡಿ ಮೇಡಂ. ಹರಿದ್ರೆ ಇವಳಿಗೆ ಯಾರೋ ಮಾಫಿ ಮಾಡಿದ್ರು ಅಂತಾಗತ್ತೆ. ನಾನು ತಪ್ಪೇ ಮಾಡಿಲ್ಲವಲ್ಲ. ಅದರ ಕೆಳಗೇ ಇರೋ ವಿಷಯ ಬರೆದುಬಿಡಿ." ಮೇಡಂ ಕುಳಿತು ಸ್ವಂತ ಕೈಯಿಂದ ಬರೆದರು: "ವಿಚಾರಿಸಲಾಗಿ, ಈಕೆ ತೊಳೆದ ಬಾಟಲಿಗಳೆಲ್ಲ ಸ್ವಚ್ಛವಾಗಿದ್ದವು." ಸಹಿ, ತಾರೀಖು, ಮೊಹರು.

ಏನಾದರೂ ಆಸೆಯಿದೆಯೇ ಎಂದರೆ, ಮೊಮ್ಮಗಳು ಓದು ಕಲಿತ ಮೇಲೆ ಒಂದು ದಿನ ಕಚೇರಿಗೆ ಕರೆತಂದು ಆ ಸಾಲನ್ನು ಅವಳ ಬಾಯಿಂದ ಓದಿಸಬೇಕು, ಅಷ್ಟೇ ಎನ್ನುತ್ತಾರೆ. ಸೋಪಿನ ಗುಟ್ಟು ಕಂಡುಹಿಡಿದವರು ನೀವೇ ಅಲ್ಲವೇ ಎಂದರೆ ಮಾತ್ರ ತಲೆಯಾಡಿಸಿ, ಕೈಯಲ್ಲಿದ್ದ ಬಾಟಲಿಗೆ ಏಳನೆಯ ನೀರು ತುಂಬುತ್ತಾರೆ.

"ನಾನೇನೂ ಕಂಡುಹಿಡೀಲಿಲ್ಲ. ನನ್ನ ಬಾಟಲೀಲಿ ಏನೂ ಇರಲಿಲ್ಲ. ಅದಕ್ಕೇ ಅಣ್ಣನ ಬಾಟಲೀಲಿ ಏನೋ ಇದೆ ಅಂತ ಗೊತ್ತಾಯ್ತು."